ಗಡ್ಡ ನೋಡಿ ದುಡ್ಡು ಕೊಟ್ಟೆ

ಹೊಟ್ಟೆ ಉರೀತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಶನಿವಾರ ಭಾನುವಾರ ಎರಡೂ ಹೋಯ್ತು. ಎರಡು ದಿನದ ಕಾರ್ಬೈನ್ (ಗಿಡ್ಡ ನಳಿಗೆಯ ರೈಫಲ್) ಕ್ಲಾಸಿಗೆ 650 ಡಾಲರ್ ಫೀಸು. ಜೊತೆಗೆ 800 ಗುಂಡು ತನ್ನಿ ಅಂದಿದ್ದರು (ಆ ಗುಂಡಲ್ಲ), ಒಂದಕ್ಕೆ ಹೆಚ್ಚುಕಡಿಮೆ ಅರ್ಧ ಡಾಲರ್, ಅಲ್ಲಿಗೆ ಇನ್ನೊಂದು 400. ಮೇಲೆ ಹೈವೇ ಪಕ್ಕದ ಮೋಟೆಲ್‌ನಲ್ಲಿ ಎರಡು ರಾತ್ರಿ. ಇಷ್ಟೆಲ್ಲಾ ಸುರಿದು ನಾನು ಮನೆಗೆ ತಂದಿದ್ದು ಕತ್ತಿನ ಹಿಂದೆ ಒಂದು ಸುಟ್ಟ ಗುರುತು, ಮತ್ತೆ ತಲೆಬುರುಡೆ ಚಿತ್ರ ಇರೋ ಒಂದು ಟೀ ಶರ್ಟು.

ನಿನಗ್ಯಾಕಪ್ಪಾ ಗನ್ನು ಅಂತ ಕೇಳೋರು ಇರ್ತೀರಿ, ಮೊದಲೇ ಹೇಳಿಬಿಡ್ತೀನಿ. ನಾನು ತೀರ್ಥಹಳ್ಳಿ ಕಡೆಯವನು. ನಮ್ಮನೆ ಜಗುಲಿ ಗೋಡೆ ಮೇಲೆ ಅಜ್ಜಯ್ಯನ ಜೋಡಿ ನಳಿಗೆ ಕೋವಿ ತೂಗುತ್ತಿತ್ತು. ಬೆಳೆ ಕಾಯೋಕೆ ಲೈಸೆನ್ಸ್ ಇದ್ದ ಕೋವಿ. ಚುನಾವಣೆ ಬಂತು ಅಂದರೆ ಠಾಣೆಗೆ ಕೊಟ್ಟು ಬರಬೇಕು, ಮುಗಿದ ಮೇಲೆ ಹೋಗಿ ತರಬೇಕು, ಅಷ್ಟೇ ಅದರ ತಿರುಗಾಟ. ಈಗ ನಾನಿರೋದು ಟೆಕ್ಸಾಸ್‌ನಲ್ಲಿ. ಎಚ್-1ಬಿಯಲ್ಲಿ ಇದ್ದಷ್ಟು ದಿನ ಕಾನೂನಿನ ತೊಡಕು ಬೇಡ ಅಂತ ಗನ್ನಿನ ತಂಟೆಗೇ ಹೋಗಿರಲಿಲ್ಲ. ಗ್ರೀನ್ ಕಾರ್ಡ್ ಬಂತು, ಹಾಸನದ ಗೆಳೆಯನೊಬ್ಬ ಊರ ಹೊರಗೆ ಜಮೀನು ತಗೊಂಡ, ಅಲ್ಲಿ ಕಾಡುಹಂದಿ ಕಾಟ. ನಂಬ್ತೀರಾ, ಅಲ್ಲೂ ಹಂದಿ ಇಲ್ಲೂ ಹಂದಿ. ಜಮೀನಿನವರ ಒಪ್ಪಿಗೆ ಇದ್ದರೆ ಖಾಸಗಿ ಜಾಗದಲ್ಲಿ ಹಂದಿ ಹೊಡೆಯೋಕೆ 2019ರಿಂದ ಇಲ್ಲಿ ಬೇಟೆ ಲೈಸೆನ್ಸೂ ಬೇಡ. ಹಾಗಾಗಿ ಒಂದು ಎಆರ್-15 ರೈಫಲ್ ತಗೊಂಡೆ. ತಗೊಂಡ ಮೇಲೆ ಸರಿಯಾಗಿ ಕಲಿಯೋಣ ಅನ್ನಿಸಿತು. ಇದು ತಪ್ಪಾ?

ಕಲಿಯಲೇಬೇಕು ಅಂತ ಇಲ್ಲಿ ಯಾರೂ ಹೇಳಲ್ಲ, ಅದು ಬೇರೆ ಮಾತು. ಅಂಗಡಿಯಲ್ಲಿ 4473 ಅನ್ನೋ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಪಾಸಾದರೆ ರೈಫಲ್ ಹಿಡಿದು ಮನೆಗೆ ಬರಬಹುದು. ಸರಿ. ಆದರೆ ಕಲಿಸೋನಿಗೂ ಲೈಸೆನ್ಸ್ ಬೇಡವಂತೆ! ಪಿಸ್ತೂಲಿನ ಪರ್ಮಿಟ್ ಕ್ಲಾಸ್ ಮಾಡೋರಿಗೆ ಸರ್ಕಾರದ ಸರ್ಟಿಫಿಕೇಟ್ ಬೇಕು. ಕಾರ್ಬೈನ್ ಕಲಿಸೋರಿಗೆ ಏನೂ ಬೇಡ. ಇದೇ ರಾಜ್ಯದಲ್ಲಿ ನನ್ನ ಕೂದಲು ಕತ್ತರಿಸೋನು ಲೈಸೆನ್ಸ್ ತಗೊಂಡು ಗೋಡೆಗೆ ನೇತು ಹಾಕಿರಬೇಕು ಕಣ್ರೀ. ಹದಿನಾಲ್ಕು ಜನರ ಕೈಗೆ ತುಂಬಿದ ರೈಫಲ್ ಕೊಟ್ಟು ಓಡಾಡಿಸೋನಿಗೆ ಗಡ್ಡ ಇದ್ದರೆ ಸಾಕು.

ಹೌದು, ಗಡ್ಡ. ಮೂರು ವಾರ ಕೂತು ಕ್ಲಾಸ್ ಹುಡುಕಿದೆ. ಎಲ್ಲಾ ಕಡೆ ಅದೇ ಗಡ್ಡ, ಅದೇ ಟೋಪಿ, ಅದೇ ಕಪ್ಪು ಕನ್ನಡಕ. ಹೊಗೆಯಲ್ಲಿ ಓಡೋ ವಿಡಿಯೋ, ಕಾರಿನ ಹಿಂದೆ ಮಂಡಿಯೂರಿ ಹೊಡೆಯೋ ವಿಡಿಯೋ. ಇರಾಕ್‌ಗೆ ಎಷ್ಟು ಸಲ ಹೋಗಿದ್ದರು, ಅಫ್ಘಾನಿಸ್ತಾನಕ್ಕೆ ಎಷ್ಟು ಸಲ, ಎಲ್ಲಾ ಲೆಕ್ಕ ಇದೆ. ಒಂದು ಕ್ಲಾಸಿಗೆ ಎಷ್ಟು ಜನ, ಎಷ್ಟು ಮೇಷ್ಟ್ರು, ಬರೋ ಮುಂಚೆ ಏನು ಗೊತ್ತಿರಬೇಕು, ದುಡ್ಡು ವಾಪಸ್ ಕೊಡ್ತೀರಾ ಇಲ್ವಾ, ಇದ್ಯಾವುದೂ ಇಲ್ಲ. ಲೆವೆಲ್ ಒಂದು, ಲೆವೆಲ್ ಎರಡು ಅಂತಾರಲ್ಲ, ಅದಕ್ಕೂ ಒಂದು ಅರ್ಥ ಇಲ್ಲ. ಒಬ್ಬನ ಎರಡು ಇನ್ನೊಬ್ಬನ ಒಂದಕ್ಕಿಂತ ಸಪ್ಪೆ. ಇನ್ನು 'ಟ್ಯಾಕ್ಟಿಕಲ್', ಅಂದರೆ ಯುದ್ಧತಂತ್ರದ್ದು, ಅನ್ನೋ ಪದ! ಪೆನ್ನು ಟ್ಯಾಕ್ಟಿಕಲ್, ಚಡ್ಡಿ ಟ್ಯಾಕ್ಟಿಕಲ್, ನಾಯಿ ಪಟ್ಟಿ ಟ್ಯಾಕ್ಟಿಕಲ್. ಆ ಪದ ಅಂಟಿಸಿದರೆ ಬೆಲೆಗೆ ನೂರು ಸೇರುತ್ತೆ, ಇನ್ನೇನೂ ಸೇರಲ್ಲ.

ನಾನೂ ಬಿದ್ದೆ. ವಿಡಿಯೋ ನೋಡಿ ಕಾರ್ಡ್ ನಂಬರ್ ಹಾಕಿದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ ಅಂದಿದ್ದರು. ಮೇಷ್ಟ್ರು ಬಂದಿದ್ದು ಎಂಟೂಮುಕ್ಕಾಲಿಗೆ. ನಾವು ಹದಿನಾಲ್ಕು ಜನ, ಅವನೊಬ್ಬ. ಸಹಾಯಕ ಬರಬೇಕಿತ್ತಂತೆ, ಬರಲಿಲ್ಲ. ಐದೇ ನಿಮಿಷ ಸುರಕ್ಷತೆಯ ಮಾತು, ಆಮೇಲೆ ಐವತ್ತು ನಿಮಿಷ ಅವನ ಯುದ್ಧದ ಕಥೆ. ಕಥೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಯಾರಿಗಾದರೂ ಗುಂಡು ತಗುಲಿದರೆ ರಕ್ತ ಕಟ್ಟೋರು ಯಾರು, 911ಕ್ಕೆ ಫೋನ್ ಮಾಡೋರು ಯಾರು, ಆಸ್ಪತ್ರೆಗೆ ಯಾವ ಗಾಡಿ, ಇದನ್ನ ಹೇಳಲೇ ಇಲ್ಲ. ಇಂಥಾ ಕಡೆ ಮೊದಲು ಹೇಳಬೇಕಾದ್ದೇ ಅದು, ಅಲ್ವಾ? ನಾನೇ ಕೇಳಿದೆ, ಫಸ್ಟ್ ಏಡ್ ಡಬ್ಬ ಎಲ್ಲಿದೆ ಅಂತ. ಟ್ರಕ್ಕಲ್ಲಿ ಎಲ್ಲೋ ಇರಬೇಕು ಅಂದ. ಎಲ್ಲೋ! ರಕ್ತಸ್ರಾವ ನಿಲ್ಲಿಸೋದನ್ನ ಸಾಮಾನ್ಯ ಜನರಿಗೂ ಕಲಿಸೋ 'ಸ್ಟಾಪ್ ದ ಬ್ಲೀಡ್' ಅಭಿಯಾನ ಈ ದೇಶದಲ್ಲಿ 2015ರಿಂದ ನಡೀತಿದೆ. ನಮ್ಮ ಆಫೀಸಿನ ಕಾಫಿ ಮೆಷಿನ್ ಪಕ್ಕವೇ ಆ ಡಬ್ಬ ಇದೆ.

ಆಮೇಲೆ ಜೀರೋ ಮಾಡೋದು. ಅಂದರೆ ಗನ್ನಿನ ಮೇಲಿರೋ ಸೈಟಲ್ಲಿ (ಗುರಿ ನೋಡೋ ಸಾಧನ) ಕಾಣೋ ಕೆಂಪು ಚುಕ್ಕಿಯೂ ಗುಂಡು ಬೀಳೋ ಜಾಗವೂ ಒಂದು ದೂರದಲ್ಲಿ ಸೇರೋ ಹಾಗೆ ತಿರುಪು ತಿರುಗಿಸೋದು. ಅದನ್ನ ಮಾಡ್ಕೊಂಡು ಬನ್ನಿ ಅಂತ ಯಾರಿಗೂ ಹೇಳಿರಲಿಲ್ಲ. ಒಬ್ಬನ ಸೈಟು ಲೊಡಲೊಡ ಅಲ್ಲಾಡುತ್ತಿತ್ತು, ಇನ್ನೊಬ್ಬ ಅಂಗಡಿಯ ಡಬ್ಬಿಯಲ್ಲೇ ತಂದಿದ್ದ. ಮಧ್ಯಾಹ್ನ ಒಂದೂವರೆ ತನಕ ಇದೇ. ಬಿಸಿಲು, ದೂಳು, ಪಕ್ಕದವನ ಗನ್ನಿಂದ ಹಾರಿದ ಕಾದ ಹಿತ್ತಾಳೆ ಖೋಲು ನನ್ನ ಕಾಲರ್ ಒಳಗೆ. ಕುಣಿಯೋ ಹಾಗೂ ಇಲ್ಲ, ಕೈಯಲ್ಲಿ ತುಂಬಿದ ರೈಫಲ್.

ಊಟ ಆದ ಮೇಲೆ ಐದು ಗಜದ ದೂರದಿಂದ ಹೊಡೆಸಿದ. ಎಲ್ಲರ ಗುಂಡೂ ಗುರಿಗಿಂತ ಎರಡು ಎರಡೂವರೆ ಇಂಚು ಕೆಳಗೆ. ಎಲ್ಲರದ್ದೂ! ಟ್ರಿಗರ್ ಜಗ್ಗುತ್ತಿದ್ದೀರಿ, ಮೆತ್ತಗೆ ಎಳೀರಿ ಅಂತ ಕೂಗಾಡಿದ. ಮೋಟೆಲ್‌ಗೆ ಬಂದು ನಾನೇ ಪೇಪರ್ ಮೇಲೆ ಗೆರೆ ಎಳೆದು ನೋಡಿದೆ. ಸೈಟು ಕೂತಿರೋದು ನಳಿಗೆಗಿಂತ ಎರಡೂವರೆ ಇಂಚು ಮೇಲೆ. ಗುಂಡು ಹೊರಡೋದು ಕೆಳಗಿನ ನಳಿಗೆಯಿಂದ. ಐದು ಗಜದಲ್ಲಿ ಅದಕ್ಕೆ ಮೇಲೆ ಏರೋ ಪುರುಸೊತ್ತೇ ಇಲ್ಲ, ಕೆಳಗೇ ಬೀಳುತ್ತೆ. ಹತ್ತಿರದಿಂದ ಹೊಡೆಯುವಾಗ ಸ್ವಲ್ಪ ಮೇಲೆ ಗುರಿ ಇಡಿ ಅಂದಿದ್ದರೆ ಮುಗೀತಿತ್ತು. ಒಂದು ವಾಕ್ಯ. ಅದು ಗೊತ್ತಿಲ್ಲದೆ ಹದಿನಾಲ್ಕು ಜನ ಸಂಜೆ ತನಕ ಬೆರಳನ್ನೇ ಬೈದುಕೊಂಡೆವು.

ಇದೆಲ್ಲಾ ಹಾಳಾಗಿ ಹೋಗಲಿ, ದುಡ್ಡು ಹೋಯ್ತು ಅಂತ ಸುಮ್ನಿರ್ತಿದ್ದೆ. ಭಾನುವಾರ ಹನ್ನೊಂದು ಗಂಟೆಗೆ ಪಕ್ಕದ ಲೈನಿನವನ ಗನ್ನು ಜಾಮ್ ಆಯ್ತು. ಅವನು ಮೇಷ್ಟ್ರನ್ನ ಕರೀತಾ ಹಿಂದೆ ತಿರುಗಿದ, ಗನ್ನಿನ ಸಮೇತ. ನಳಿಗೆ ನನ್ನ ಹೊಟ್ಟೆ ಮೇಲಿಂದ ಹಾದು ಹೋಯ್ತು. ಕಪ್ಪು ತೂತು, ಅದರ ಸುತ್ತ ಮಸಿ, ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೆ. ನಾನು ಕೂಗಿದೆ. ಮೇಷ್ಟ್ರು ನಕ್ಕ ರೀ! ಬೆರಳು ಟ್ರಿಗರ್ ಮೇಲೆ ಇರಲಿಲ್ಲವಲ್ಲ, ಸಮಾಧಾನ ಮಾಡ್ಕೊ ಅಂದ. ಹಾಗೆ ತಿರುಗಿದವನನ್ನ ಲೈನಿನಿಂದ ಆಚೆ ಕಳಿಸಲಿಲ್ಲ, ಒಂದು ಮಾತು ಗದರಲೂ ಇಲ್ಲ.

1976ರಲ್ಲಿ ಅರಿಜೋನಾದಲ್ಲಿ ಗನ್ ಕಲಿಸೋ ಶಾಲೆ ತೆರೆದ ಜೆಫ್ ಕೂಪರ್ ಅನ್ನೋ ಮಹಾಶಯ ಸುರಕ್ಷತೆಗೆ ಅಂತ ನಾಲ್ಕು ನಿಯಮ ಮಾಡಿಟ್ಟು ಹೋಗಿದ್ದಾರೆ. ಈ ಮೇಷ್ಟ್ರ ಟ್ರಕ್ಕಿನ ಬಾಗಿಲ ಮೇಲೂ ಅವು ಅಚ್ಚಾಗಿದ್ದವು. ನಾಶ ಮಾಡಲು ಮನಸ್ಸಿಲ್ಲದ ಯಾವುದರ ಮೇಲೂ ನಳಿಗೆ ಹಾಯಬಾರದು, ಇದು ಎರಡನೆಯದು. ಅಜ್ಜಯ್ಯ ಕೂಪರ್ ಹೆಸರು ಕೇಳಿರಲಿಲ್ಲ. ಎಂಟು ವರ್ಷದವನಿದ್ದಾಗ ನಾನು ಖಾಲಿ ಕೋವಿಯನ್ನ ಆಟಕ್ಕೆ ಅಂತ ತಂಗಿ ಕಡೆ ತಿರುಗಿಸಿದ್ದೆ. "ಖಾಲಿ ಅಂತ ನಿನಗೆ ಯಾರು ಹೇಳಿದ್ದು ಮಾರಾಯ" ಅಂತ ಬೆನ್ನಿಗೆ ಒಂದು ಬಿಟ್ಟರು. ಆಮೇಲೆ ವರ್ಷಗಟ್ಟಲೆ ಕೋವಿ ಮುಟ್ಟಲು ಬಿಡಲಿಲ್ಲ. ಫೀಸಿಲ್ಲ, ಟೀ ಶರ್ಟಿಲ್ಲ.

ದುಡ್ಡು ವಾಪಸ್ ಕೊಡಿ ಅಂತ ಬರೆದೆ. ಹಣ ಕೊಡೋ ಪದ್ಧತಿ ಇಲ್ಲ, ಮುಂದಿನ ಕ್ಲಾಸಿಗೆ ಅರ್ಧ ಫೀಸು ರಿಯಾಯಿತಿ ಅಂತ ಉತ್ತರ ಬಂತು. ಕೊನೆಗೆ ಒಂದು ಸ್ಮೈಲಿ. ಇನ್ನೊಂದು ಸಲ ಹೊಟ್ಟೆ ಒಡ್ಡೋಕೆ ಅರ್ಧ ರೇಟು!

ನನ್ನ ತಪ್ಪೂ ಇದೆ, ಒಪ್ಕೋತೀನಿ. ಮೊದಲು ಆಪಲ್‌ಸೀಡ್ ಅನ್ನೋ ರೈಫಲ್ ತರಬೇತಿ ಶಿಬಿರಕ್ಕೆ ಹೋಗಬೇಕಿತ್ತು. ಅವರದ್ದೂ ಎರಡು ದಿನ, ಫೀಸು ಕಡಿಮೆ, ಸಣ್ಣ ಗುಂಡಿನ .22 ರೈಫಲ್ ಇದ್ದರೂ ನಡೆಯುತ್ತೆ, ಗುಂಡಿಗೆ ಹೆಚ್ಚು ಖರ್ಚಿಲ್ಲ. ಗನ್ನಿನ ಪಟ್ಟಿಯನ್ನ ತೋಳಿಗೆ ಬಿಗಿದುಕೊಂಡು ನೆಟ್ಟಗೆ ಹೊಡೆಯೋದನ್ನ ಕಲಿಸ್ತಾರೆ. 250ಕ್ಕೆ 210 ಅಂಕ ಬಂದರೆ ಒಂದು ಬಟ್ಟೆ ಬಿಲ್ಲೆ ಕೊಡ್ತಾರೆ. ಹೊಗೆ ಇಲ್ಲ, ಓಟ ಇಲ್ಲ, ಅದಕ್ಕೇ ನನಗೆ ಚಪ್ಪೆ ಅನ್ನಿಸಿತ್ತು.

ಈಗ ಬೇರೆ ಮೂರು ಕಡೆಗೆ ಪ್ರಶ್ನೆ ಬರೆದು ಕಳಿಸಿದ್ದೇನೆ. ಎಷ್ಟು ಜನ, ಎಷ್ಟು ಮೇಷ್ಟ್ರು, ನಳಿಗೆ ಯಾರ ಮೇಲಾದರೂ ಹಾದರೆ ಏನು ಮಾಡ್ತೀರಿ. ಇಬ್ಬರು ಉತ್ತರವೇ ಕೊಡಲಿಲ್ಲ. ಮೂರನೆಯವರು ಎರಡೇ ಗಂಟೆಯಲ್ಲಿ ಬರೆದರು: ಹತ್ತು ಜನಕ್ಕೆ ಇಬ್ಬರು, ಜೀರೋ ಮಾಡದವರು ಶುಕ್ರವಾರ ಸಂಜೆಯೇ ಬನ್ನಿ, ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಮನೆಗೆ. ಫೀಸು 700. ಫೋಟೋದಲ್ಲಿ ಮೇಷ್ಟ್ರಿಗೆ ಗಡ್ಡ ಇಲ್ಲ.

ನನ್ನ ಹೆಂಡತಿ ಆ ತಲೆಬುರುಡೆ ಟೀ ಶರ್ಟಲ್ಲಿ ಗ್ಯಾಸ್ ಒಲೆ ಒರೆಸ್ತಿದ್ದಾಳೆ. 700ರ ವಿಷಯ ಅವಳಿಗೆ ಇನ್ನೂ ಹೇಳಿಲ್ಲ.