ತಿಪ್ಪೆ ಸಾರಿಸಿದ ಊರು

ಬೇಸಿಗೆ ಬಂತೆಂದರೆ ಇಂಗ್ಲೆಂಡಿನ ನಡುನಾಡಿನಲ್ಲಿ ನೆಲೆಸಿರುವ ನನ್ನಂಥವನಿಗೆ ಒಂದು ಕರ್ತವ್ಯ ತಪ್ಪದೆ ಒದಗುತ್ತದೆ. ಊರಿನಿಂದ ಬಂದ ನೆಂಟರನ್ನು ಸ್ಟ್ರಾಟ್‌ಫರ್ಡ್-ಅಪಾನ್-ಏವನ್‌ಗೆ ಕರೆದೊಯ್ದು ಷೇಕ್ಸ್‌ಪಿಯರನ ದರ್ಶನ ಮಾಡಿಸಬೇಕು. ಈ ಸಲದ್ದು ಏಳನೆಯ ಯಾತ್ರೆ. ಬಂದವರು ಮೈಸೂರಿನ ನಮ್ಮ ಚಿಕ್ಕಪ್ಪ; ಕಂದಾಯ ಇಲಾಖೆಯಲ್ಲಿ 32 ವರ್ಷ ದುಡಿದು ನಿವೃತ್ತರಾದವರು, ಪಹಣಿ ನೋಡದೆ ಯಾವ ಜಮೀನನ್ನೂ ಯಾರದೆಂದೂ ಒಪ್ಪದವರು. ಇಂಥವರನ್ನು ಆ ಊರಿಗೆ ಕರೆದೊಯ್ಯಬಾರದಿತ್ತು ಎಂಬುದು ನನಗೆ ‘ನ್ಯೂ ಪ್ಲೇಸ್’ನ ಬಾಗಿಲಲ್ಲೇ ಅರ್ಥವಾಯಿತು.

ನ್ಯೂ ಪ್ಲೇಸ್ ಎಂದರೆ ಷೇಕ್ಸ್‌ಪಿಯರ್ 1597ರಲ್ಲಿ ಕೊಂಡ, 1616ರಲ್ಲಿ ಕಣ್ಣು ಮುಚ್ಚಿದ ಮನೆ. ಟಿಕೆಟ್ ಹರಿಸಿಕೊಂಡು ಒಳಗೆ ಹೋದ ಚಿಕ್ಕಪ್ಪ ಹೂಗಿಡಗಳನ್ನೂ ಕಂಚಿನ ಶಿಲ್ಪಗಳನ್ನೂ ಒಂದು ಸುತ್ತು ನೋಡಿ, ಕನ್ನಡಕವನ್ನು ಹಣೆಗೇರಿಸಿ ಕೇಳಿದರು: “ಮನೆ ಎಲ್ಲಯ್ಯಾ?”

“ಇಲ್ಲೇ ಇತ್ತು, ಚಿಕ್ಕಪ್ಪ.”

“ಇತ್ತು, ಸರಿ. ಈಗ ದುಡ್ಡು ಕೊಟ್ಟದ್ದು ಯಾವುದಕ್ಕೆ?”

ಇಲ್ಲದಿರುವುದಕ್ಕೆ, ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಮನೆಯನ್ನು 1759ರಲ್ಲಿ ಫ್ರಾನ್ಸಿಸ್ ಗ್ಯಾಸ್ಟ್ರೆಲ್ ಎಂಬ ಪಾದ್ರಿ ಕೆಡವಿಸಿದ. ಅದಕ್ಕೂ ಮೊದಲು, ಕವಿಯೇ ನೆಟ್ಟದ್ದೆಂದು ಹೇಳಲಾಗುತ್ತಿದ್ದ ಹಿಪ್ಪುನೇರಳೆ ಮರವನ್ನು ನೋಡಲು ಬರುವವರ ಕಾಟ ತಾಳಲಾರದೆ ಆ ಮರವನ್ನೇ ಕಡಿಸಿದ್ದ. ಊರಿನವರು ಅವನ ಕಿಟಕಿಗಳಿಗೆ ಕಲ್ಲು ಹೊಡೆದರು. ಆಮೇಲೆ ತೆರಿಗೆಯ ವಿಷಯದಲ್ಲಿ ಜಗಳವಾಯಿತು. ಸಿಟ್ಟಿಗೆದ್ದ ಪಾದ್ರಿ ಮನೆಯನ್ನು ನೆಲಸಮ ಮಾಡಿ ಊರು ಬಿಟ್ಟ. ಇಂದಿಗೂ ಅವನಿಗೆ ಶಾಪ ಹಾಕದ ಮಾರ್ಗದರ್ಶಿಯಿಲ್ಲ. ಆದರೆ ಷೇಕ್ಸ್‌ಪಿಯರ್ ಬಾಳಿದ ಮನೆಯನ್ನು 1702ರ ಹೊತ್ತಿಗೇ ಬೇರೊಬ್ಬರು ಬಿಚ್ಚಿ ಹೊಸದಾಗಿ ಕಟ್ಟಿಸಿದ್ದರು ಎಂಬ ಸಂಗತಿಯನ್ನು ಅವರು ತುಸು ಮೆಲುದನಿಯಲ್ಲಿ ಹೇಳುತ್ತಾರೆ. ಪಾದ್ರಿ ಕೆಡವಿದ್ದು ಷೇಕ್ಸ್‌ಪಿಯರ್ ಕಾಲಿಡದ ಮನೆಯನ್ನು.

ಮರದ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಕಡಿದ ಮರವನ್ನು ಊರಿನ ಗಡಿಯಾರದ ಕುಶಲಕರ್ಮಿಯೊಬ್ಬ ಕೊಂಡುಕೊಂಡು ಅದರಿಂದ ನಶ್ಯದ ಡಬ್ಬಿ, ಬಟ್ಟಲು, ಪೆಟ್ಟಿಗೆಗಳನ್ನು ಮಾಡಿ ಸುಮಾರು 40 ವರ್ಷ ಮಾರಿದ. ಒಂದು ಮರದಿಂದ ಇಷ್ಟೊಂದು ಡಬ್ಬಿಗಳು ಹೇಗೆ ಬಂದವೆಂದು ಜನ ಗುಸುಗುಸು ಮಾತಾಡಿಕೊಂಡಾಗ, 1799ರಲ್ಲಿ ಸಾಯುವ ಮುನ್ನ ಅವನು ಬೇರೆ ಮರದ ಚೂರನ್ನೂ ಬಳಸಿಲ್ಲವೆಂದು ಪ್ರಮಾಣ ಮಾಡಿ ಹೇಳಿಕೆ ಬರೆದುಕೊಟ್ಟ. ನಮ್ಮ ಚಿಕ್ಕಪ್ಪನಿಗೆ ಆ ಊರಿನಲ್ಲಿ ಮೆಚ್ಚುಗೆಯಾದ ಮೊದಲ ಮನುಷ್ಯ ಇವನೇ. “ಅಫಿಡವಿಟ್ ಕೊಟ್ಟಿದ್ದಾನಲ್ಲ, ಪಾಪ” ಎಂದರು.

ಮರಕ್ಕಿಂತಲೂ ಪವಾಡಸದೃಶವಾದದ್ದು ಕುರ್ಚಿ. ಹೆನ್ಲಿ ಬೀದಿಯ ಜನ್ಮಗೃಹದಲ್ಲಿ ಒಲೆಯ ಮೂಲೆಗೆ ಒಂದು ಕುರ್ಚಿಯಿತ್ತು; ಕವಿ ಕುಳಿತದ್ದು ಅದರಲ್ಲೇ ಎಂದು ತೋರಿಸಿ, ಕಾಸು ಕೊಟ್ಟವರಿಗೆ ಅದರ ಒಂದು ಚೂರನ್ನು ಕೆತ್ತಿ ಕೊಡುವ ಪದ್ಧತಿಯಿತ್ತು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ 1786ರಲ್ಲಿ ಒಟ್ಟಿಗೆ ಬಂದವರು ತಾವೂ ಒಂದು ಚೂರು ಕತ್ತರಿಸಿಕೊಂಡು ಹೋದರು. ಇದು ನಿಜವಾದ ಕುರ್ಚಿಯೇ ಆಗಿದ್ದರೆ ಸಂತರ ಅವಶೇಷಗಳಂತೆ ತನ್ನನ್ನು ತಾನೇ ಮತ್ತೆ ಮತ್ತೆ ಹುಟ್ಟಿಸಿಕೊಳ್ಳುತ್ತಿರಬೇಕು ಎಂಬರ್ಥದ ಟಿಪ್ಪಣಿಯನ್ನೂ ಜೆಫರ್ಸನ್ ಬರೆದಿಟ್ಟರು. ಬರೆದು, ಚೂರನ್ನು ಜೋಪಾನವಾಗಿ ಇಟ್ಟುಕೊಂಡರು. ಮೋಸವೆಂದು ಗೊತ್ತಿದ್ದೂ ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವ ಈ ವಿವೇಕ ಎಷ್ಟು ಹಳೆಯದು ನೋಡಿ. ಅದಾದ ನಾಲ್ಕು ವರ್ಷಕ್ಕೆ, 1790ರಲ್ಲಿ, ಪೋಲೆಂಡಿನ ರಾಜಕುಮಾರಿಯೊಬ್ಬಳಿಗಾಗಿ ಆ ಕುರ್ಚಿಯನ್ನು 20 ಗಿನಿಗೆ ಕೊಂಡು ಸಾಗಿಸಲಾಯಿತು. ಅಲ್ಲಿಗೆ ವ್ಯಾಪಾರ ಮುಗಿಯಿತೆಂದುಕೊಂಡವರು ಮೂಢರು. 1815ರಲ್ಲಿ ಅಮೆರಿಕದ ಲೇಖಕನೊಬ್ಬ ಬಂದು ನೋಡುವಾಗ ಅದೇ ಒಲೆಯ ಮೂಲೆಯಲ್ಲಿ ಕುರ್ಚಿ ಮತ್ತೆ ಆಸೀನವಾಗಿತ್ತು! ಭಕ್ತರು ಕೂತು ಕೂತು ಸವೆಸುವುದರಿಂದ ಮೂರು ವರ್ಷಕ್ಕೊಮ್ಮೆ ಅದಕ್ಕೆ ಹೊಸ ಆಸನ ಹಾಕಿಸಬೇಕಾಗುತ್ತಿತ್ತಂತೆ.

ಆಗ ಮನೆಯನ್ನು ತೋರಿಸುತ್ತಿದ್ದವಳು ಮೇರಿ ಹಾರ್ನ್‌ಬಿ. ಅವಳ ವ್ಯಾಪಾರ ಕುದುರಿದ್ದನ್ನು ಕಂಡು ಮನೆಯೊಡತಿ ಬಾಡಿಗೆ ಏರಿಸಿದಳು. ಜಗಳವಾಗಿ 1820ರಲ್ಲಿ ಮನೆ ಬಿಡುವಾಗ ಹಾರ್ನ್‌ಬಿ, ನೂರಾರು ಯಾತ್ರಿಕರು ಸಹಿ ಗೀಚಿದ್ದ ಗೋಡೆಗಳಿಗೆಲ್ಲ ಸುಣ್ಣ ಬಳಿದು, ಪವಿತ್ರ ವಸ್ತುಗಳನ್ನು ಹೊತ್ತುಕೊಂಡು ಹೋಗಿ ಎದುರುಮನೆಯಲ್ಲಿ ಅಂಗಡಿ ತೆರೆದಳು. ಆತುರದಲ್ಲಿ ಸುಣ್ಣಕ್ಕೆ ಅಂಟು ಬೆರೆಸುವುದನ್ನು ಮರೆತಿದ್ದರಿಂದ ಅದು ಉಜ್ಜಿದರೆ ಉದುರಿ, ಸಹಿಗಳೆಲ್ಲ ಮತ್ತೆ ಕಾಣಿಸಿಕೊಂಡವು ಎನ್ನುತ್ತಾರೆ. ಬೀದಿಯ ಆಚೆಗೊಬ್ಬಳು, ಈಚೆಗೊಬ್ಬಳು, ನಿಂತು ಒಬ್ಬರನ್ನೊಬ್ಬರು ಕಳ್ಳಿಯೆಂದು ಬೈದುಕೊಂಡು ಗಿರಾಕಿ ಕರೆಯುತ್ತಿದ್ದ ಆ ದಿನಗಳಲ್ಲಿ ಊರು ಕನಿಷ್ಠ ತನ್ನ ಹುಟ್ಟುಗುಣಕ್ಕೆ ನಿಷ್ಠವಾಗಿತ್ತು. 1196ರಲ್ಲಿ ರಾಜನಿಂದ ಸಂತೆಯ ಸನ್ನದು ಪಡೆದ ಊರಲ್ಲವೇ?

ಈಗ ಸಂತೆ ಸಭ್ಯವಾಗಿದೆ. ಗಾಜಿನ ಪೆಟ್ಟಿಗೆಗಳಿವೆ, ತಗ್ಗಿದ ದನಿಯ ವಿವರಣೆಗಳಿವೆ. ಬೀದಿಯ ಒಂದು ಅಂಗಡಿಯಲ್ಲಿ ಕೊರಳಿಗೆ ನಿರಿಗೆಪಟ್ಟಿ ಸುತ್ತಿಕೊಂಡು, ಕೈಯಲ್ಲಿ ಗರಿಯ ಲೇಖನಿ ಹಿಡಿದ ಹಳದಿ ರಬ್ಬರ್ ಬಾತುಕೋಳಿಯೊಂದು ನನ್ನನ್ನೇ ದಿಟ್ಟಿಸುತ್ತಿತ್ತು. ಜನ್ಮಗೃಹದಲ್ಲಿ ಕವಿ ಹುಟ್ಟಿದ ಕೋಣೆಯನ್ನೇ ತೋರಿಸುತ್ತಾರೆ. ಅವನು ಹುಟ್ಟಿದ ದಿನಕ್ಕೇ ದಾಖಲೆಯಿಲ್ಲ. ಇರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನದ ನಮೂದು ಮಾತ್ರ. ದಿನ ಗೊತ್ತಿಲ್ಲದಿದ್ದರೂ ಕೋಣೆ ಗೊತ್ತಿರುವುದು ಸಾಮಾನ್ಯ ಸಂಶೋಧನೆಯಲ್ಲ. ಹಿತ್ತಲಿನ ತೋಟದಲ್ಲಿ ರವೀಂದ್ರನಾಥ ಠಾಕೂರರ ಪ್ರತಿಮೆಯನ್ನು ಕಂಡಾಗ ಚಿಕ್ಕಪ್ಪನ ಮುಖದಲ್ಲಿ ಮೊದಲ ಸಲ ನೆಮ್ಮದಿ ಮೂಡಿತು. “ಇವರದ್ದಾದರೆ ಡೇಟ್ ಆಫ್ ಬರ್ತ್ ಸರಿಯಾಗಿದೆ” ಎಂದರು.

ಇಲ್ಲಿಯವರೆಗೆ ನಗುತ್ತಲೇ ಬಂದೆ. ಆದರೆ ಜನ್ಮಗೃಹದ ಎದುರು ನಿಂತಾಗ ಪ್ರತಿ ಸಲವೂ ನನಗೆ ನಗು ನಿಂತುಹೋಗುತ್ತದೆ. ಆ ಮನೆ ತೋಟದ ನಡುವೆ ಒಂಟಿಯಾಗಿ, ಚಿತ್ರಪಟದಂತೆ ನಿಂತಿದೆಯಲ್ಲ, ಅದು ಹಾಗಿರಲಿಲ್ಲ. ಅದು ಒತ್ತೊತ್ತಾಗಿ ಗೋಡೆಗೆ ಗೋಡೆ ಹಚ್ಚಿ ಕಟ್ಟಿದ ಸಾಲುಮನೆಗಳಲ್ಲಿ ಒಂದಾಗಿತ್ತು. ಅದರ ಒಂದು ಭಾಗ ಮಾಂಸದಂಗಡಿಯೂ ಇನ್ನೊಂದು ಭಾಗ ಹೆಂಡದಂಗಡಿಯೂ ಆಗಿದ್ದ ಕಾಲವಿತ್ತು. 1847ರಲ್ಲಿ ಚಂದಾ ಎತ್ತಿ 3,000 ಪೌಂಡ್‌ಗೆ ಹರಾಜಿನಲ್ಲಿ ಕೊಂಡವರು, ಮುಂದಿನ ದಶಕದಲ್ಲಿ ಬೆಂಕಿಯ ಭಯವೆಂದು ಹೇಳಿ ಎರಡೂ ಪಕ್ಕದ ಮನೆಗಳನ್ನು ಕೆಡವಿಸಿದರು. ಒಂದು ಮನೆ ಕೆಡವಿದ ಪಾದ್ರಿ ಇನ್ನೂರೈವತ್ತು ವರ್ಷಗಳಿಂದ ಪಾಪಿ. ಅಕ್ಕಪಕ್ಕದವನ್ನೆಲ್ಲ ಕೆಡವಿದವರು ಸಂರಕ್ಷಕರು. ನೆರೆಹೊರೆಯ ಗದ್ದಲದಲ್ಲಿ ಬೆಳೆದು, ಆ ಗದ್ದಲವನ್ನೇ ರಂಗಕ್ಕೆ ತಂದವನ ನೆರೆಹೊರೆಯನ್ನೇ ಅಳಿಸಿ ಹಾಕಿ, ಅಲ್ಲಿ ಹೂವು ನೆಟ್ಟು, ಇದು ಅವನ ಕಾಲದ ಮನೆ ನೋಡಿ ಎನ್ನುತ್ತಾರೆ. ಯಾರ ಮನೆಗಳು ಹೋದವು ಎಂದು ಕೇಳಿದ ಒಬ್ಬ ಪ್ರವಾಸಿಯನ್ನೂ ನಾನು ಕಂಡಿಲ್ಲ; ಮೊದಲ ಆರು ಸಲ ನಾನೂ ಕೇಳಿರಲಿಲ್ಲ.

ಇನ್ನು ಕವಿಯ ತಾಯಿಯ ಮನೆ. ಹತ್ತಿರದ ವಿಲ್ಮ್‌ಕೋಟ್ ಹಳ್ಳಿಯಲ್ಲಿ, ಮೇರಿ ಆರ್ಡನ್ನಳ ಮನೆಯೆಂದು ಹದಿನೆಂಟನೆಯ ಶತಮಾನದ ಸ್ಥಳೀಯನೊಬ್ಬ ಬೆರಳು ಮಾಡಿ ತೋರಿಸಿದ ಕಟ್ಟಡವನ್ನು 1930ರಲ್ಲಿ ಖರೀದಿಸಿ ಜನರಿಗೆ ತೋರಿಸಲಾಯಿತು. 2000ದಲ್ಲಿ ಹಳೆಯ ಕಾಗದಪತ್ರಗಳನ್ನು ಪರಿಶೀಲಿಸಿದಾಗ ಅದು ಆಡಮ್ ಪಾಮರ್ ಎಂಬ ನೆರೆಯವನ ಮನೆಯೆಂದೂ, ಮೇರಿಯ ಮನೆ ಪಕ್ಕದ್ದೆಂದೂ ಗೊತ್ತಾಯಿತು. ಎಪ್ಪತ್ತು ವರ್ಷ ಜನ ಪಾಮರನ ಅಡುಗೆಮನೆಯಲ್ಲಿ ನಿಂತು ಭಾವುಕರಾಗಿದ್ದರು. ಪುಣ್ಯಕ್ಕೆ ಪಕ್ಕದ ಮನೆಯನ್ನೂ 1968ರಲ್ಲೇ ಕೊಂಡಿಟ್ಟಿದ್ದರಿಂದ ಫಲಕ ಬದಲಿಸಿದರೆ ಸಾಕಾಯಿತು. “ಸರ್ವೆ ನಂಬರ್ ತಪ್ಪು” ಎಂದು ಚಿಕ್ಕಪ್ಪ ನಿಟ್ಟುಸಿರು ಬಿಟ್ಟರು. ಅವರಿಗೆ ಇದು ಹೊಸದೇನೂ ಅಲ್ಲ.

ಸಮಾಧಿಗೂ ಹೋದೆವು. ನನ್ನ ಮೂಳೆಗಳನ್ನು ಕದಲಿಸುವವನಿಗೆ ಶಾಪ ತಟ್ಟಲಿ ಎಂದು ಕಲ್ಲಿನ ಮೇಲೆ ಕೊರೆದಿದೆ. 2016ರಲ್ಲಿ ನೆಲ ಅಗೆಯದೆ ರೇಡಾರ್ ಹಿಡಿದು ನೋಡಿದವರು, ತಲೆಬುರುಡೆ ಅಲ್ಲಿ ಇಲ್ಲದಿರಬಹುದು ಎಂದರು. ಚಿಕ್ಕಪ್ಪ ಈ ಮಾತಿಗೆ ಏನೂ ಹೇಳದೆ ಕಾಣಿಕೆ ಹಾಕಿ ಹೊರಬಂದರು.

ಬಸ್ಸಿಗೆ ಕಾಯುವಾಗ ಅವರಿಗೆ ನೆಮ್ಮದಿಯಾಗಲೆಂದು ನಾನೊಂದು ದಾಖಲೆಯ ಸಂಗತಿ ಹೇಳಿದೆ. ಕವಿಯ ತಂದೆ ಜಾನ್ ಷೇಕ್ಸ್‌ಪಿಯರನ ಹೆಸರು ಆ ಊರಿನ ಕಡತದಲ್ಲಿ ಮೊದಲು ಕಾಣಿಸುವುದು 1552ರ ಏಪ್ರಿಲ್‌ನಲ್ಲಿ. ಹೆನ್ಲಿ ಬೀದಿಯಲ್ಲಿ ಅಪ್ಪಣೆಯಿಲ್ಲದೆ ತಿಪ್ಪೆ ಹಾಕಿದ್ದಕ್ಕಾಗಿ ಅವನಿಗೆ ಒಂದು ಷಿಲಿಂಗ್ ದಂಡ ಬಿದ್ದಿತ್ತು. ಚಿಕ್ಕಪ್ಪನ ಕಣ್ಣು ಮಿನುಗಿತು. ಬೀದಿಯ ಹೆಸರಿದೆ, ಇಸವಿಯಿದೆ, ದಂಡದ ಮೊತ್ತವಿದೆ, ಕೋರ್ಟಿನ ನಮೂದಿದೆ. ನನ್ನನ್ನು ಎಳೆದುಕೊಂಡೇ ಮತ್ತೆ ಹೆನ್ಲಿ ಬೀದಿಗೆ ನಡೆದು, ನಕ್ಷೆ ಹಂಚುತ್ತ ನಿಂತಿದ್ದ ಹುಡುಗಿಯ ಮುಂದೆ ನಿಂತರು. “ಕೇಳಯ್ಯಾ,” ಎಂದರು ನನಗೆ, “ಆ ತಿಪ್ಪೆ ಇದ್ದ ಜಾಗ ಯಾವುದು ಅಂತ ಕೇಳು.”

ಕೇಳಿದೆ. ಹುಡುಗಿ ನಕ್ಷೆಯ ಎರಡೂ ಮಗ್ಗುಲನ್ನು ತಿರುಗಿಸಿ ನೋಡಿ, ಬಹಳ ವಿನಯದಿಂದ, ಅದು ಇದರಲ್ಲಿ ಇಲ್ಲ ಎಂದಳು.