ಸೂಪರ್‌ಗರ್ಲ್ ಸತ್ತಿದ್ದಳಾ, ಇಲ್ವಾ?

ಹೋದ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಕೈಕಾಲು ತೊಳೆಯೋದಕ್ಕೂ ಬಿಡದೆ ಅವಳ ಮಗ ಲ್ಯಾಪ್‌ಟಾಪ್ ತಂದು ಮುಂದೆ ಇಟ್ಟ. ಒಂಬತ್ತನೇ ಕ್ಲಾಸು. ಎಕ್ಸೆಲ್ ಶೀಟ್ ಒಂದು ತೆರೆದಿತ್ತು. ಹಳದಿ, ಹಸಿರು, ಕೆಂಪು ಬಳಿದ 412 ಸಾಲುಗಳು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕಥೆಗಳ ಅಮೆರಿಕನ್ ಕಂಪನಿ ಡಿಸಿ ಕಾಮಿಕ್ಸ್‌ನಲ್ಲಿ ಯಾವುದಾದ ಮೇಲೆ ಯಾವುದನ್ನು ಓದಬೇಕು ಅನ್ನುವ ಪಟ್ಟಿ. ಮೂರು ವಾರ ಕೂತು ಮಾಡಿದ್ದಾನಂತೆ.

"ಎಷ್ಟು ಓದಿದೆಯೋ?" ಅಂದೆ.

"ಇನ್ನೂ ಶುರು ಮಾಡಿಲ್ಲ ಮಾವ. ಪಟ್ಟಿ ಮುಗೀಲಿ ಅಂತ."

ಆಮೇಲೆ ಅಸಲಿ ಪ್ರಶ್ನೆ ಬಂತು. "ಮಾವ, ಸೂಪರ್‌ಗರ್ಲ್ ಸತ್ತಿದ್ದಳಾ, ಇಲ್ವಾ? ಒಂದು ಕಡೆ ಸತ್ತಳು ಅಂತ ಇದೆ, ಇನ್ನೊಂದು ಕಡೆ ಹುಟ್ಟೇ ಇಲ್ಲ ಅಂತ ಇದೆ."

ಸೂಪರ್‌ಗರ್ಲ್ ಅಂದರೆ ಸೂಪರ್‌ಮ್ಯಾನ್‌ನ ಚಿಕ್ಕಪ್ಪನ ಮಗಳು, ಅಸಲಿ ಹೆಸರು ಕಾರಾ. ಸಾರು ಅನ್ನ ಕಲಸುತ್ತಾ ಹೇಳೋಕೆ ಶುರು ಮಾಡಿದೆ. ಮಜ್ಜಿಗೆಗೆ ಬಂದರೂ ಮುಗಿಯಲಿಲ್ಲ. ಅಕ್ಕ ಬೈದಳು. ಅದಕ್ಕೇ ಇಲ್ಲಿ ಬರೀತಿದ್ದೇನೆ.

ಈ ಗೋಜಲು ಶುರುವಾದದ್ದೇ ಒಂದು ಒಳ್ಳೇ ಕಥೆಯಿಂದ. ಫ್ಲ್ಯಾಶ್ ಅನ್ನುವವನು ಮಿಂಚಿನ ಹಾಗೆ ಓಡುವ ಸೂಪರ್‌ಹೀರೋ. 1940ರ ದಶಕದಲ್ಲಿ ಫ್ಲ್ಯಾಶ್ ಅಂದರೆ ಜೇ ಗ್ಯಾರಿಕ್. ತಲೆ ಮೇಲೆ ತಗಡಿನ ಟೋಪಿ. ಆ ಪತ್ರಿಕೆ ನಿಂತುಹೋಯ್ತು. 1956ರಲ್ಲಿ ಹೊಸ ಫ್ಲ್ಯಾಶ್ ಬಂದ, ಬ್ಯಾರಿ ಆಲನ್. ಈ ಬ್ಯಾರಿಗೆ ಜೇ ಗ್ಯಾರಿಕ್ ಬರೀ ಕಾಮಿಕ್ಸ್ ಪಾತ್ರ. ಚಿಕ್ಕಂದಿನಲ್ಲಿ ಓದಿದ್ದ ಅಷ್ಟೇ. 1961ರಲ್ಲಿ ಲೇಖಕ ಗಾರ್ಡ್ನರ್ ಫಾಕ್ಸ್ ಮತ್ತು ಚಿತ್ರಕಾರ ಕಾರ್ಮೈನ್ ಇನ್‌ಫ್ಯಾಂಟಿನೋ ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಬ್ಯಾರಿ ಜೋರಾಗಿ ಕಂಪಿಸುತ್ತಾ ಇನ್ನೊಂದು ಭೂಮಿಗೆ ದಾಟುತ್ತಾನೆ. ಅಲ್ಲಿ ಜೇ ನಿಜವಾದ ಮನುಷ್ಯ, ವಯಸ್ಸಾಗಿದೆ, ಮದುವೆಯಾಗಿದೆ. ಓದಿದ ಕಥೆಯ ನಾಯಕ ಬಾಗಿಲು ತೆರೆದು "ಯಾರು ಬೇಕು?" ಅಂದರೆ ಹೇಗಿರುತ್ತೆ ಹೇಳಿ!

ಆ ಭೂಮಿಗೆ ಆಮೇಲೆ ಅರ್ಥ್-ಟು ಅಂತ ಹೆಸರಾಯ್ತು. ಮೊದಲು ಹುಟ್ಟಿದವರಿಗೆ ಎರಡನೇ ನಂಬರ್. ಅಣ್ಣನಿಗೆ ಚಿಕ್ಕೋನು ಅಂತ ಹೆಸರಿಟ್ಟ ಹಾಗೆ. ಅಲ್ಲಿಂದ ಶುರುವಾಯ್ತು ನೋಡಿ, ಖಾಲಿ ಸೈಟು ಕಂಡಲ್ಲೆಲ್ಲ ಬಾಡಿಗೆ ಮನೆ ಕಟ್ಟಿದ ಹಾಗೆ ಭೂಮಿ ಮೇಲೆ ಭೂಮಿ. ನಾಯಕರೆಲ್ಲ ಖಳರಾಗಿರುವ ಅರ್ಥ್-ತ್ರೀ. ನಾಜಿಗಳು ಯುದ್ಧ ಗೆದ್ದ ಅರ್ಥ್-ಎಕ್ಸ್. ಬೇರೆ ಕಂಪನಿಯಿಂದ ಪಾತ್ರಗಳನ್ನು ತಂದರೆ ಅವರಿಗೂ ಒಂದು ಭೂಮಿ.

ನನ್ನ ಕೇಳಿದರೆ ಇಲ್ಲಿವರೆಗೆ ಏನೂ ತೊಂದರೆ ಇರಲಿಲ್ಲ. ಓದುವ ಹುಡುಗರಿಗೆ ಅರ್ಥವಾಗುತ್ತಿತ್ತು. ಕೂದಲು ಬೆಳ್ಳಗಾಗಿದ್ದರೆ ಅರ್ಥ್-ಟು ಸೂಪರ್‌ಮ್ಯಾನ್, ಅಷ್ಟೇ.

ತೊಂದರೆ ಬಂದದ್ದು ಕ್ಲೀನ್ ಮಾಡಲು ಹೊರಟಾಗ. 1985ರಲ್ಲಿ ಕಂಪನಿಗೆ 50 ವರ್ಷ. ಹೊಸ ಓದುಗರಿಗೆ ಇಷ್ಟೊಂದು ಭೂಮಿ ಗೊಂದಲ, ಎಲ್ಲಾ ಒಂದು ಮಾಡೋಣ ಅಂತ ತೀರ್ಮಾನ. ಮಾರ್ವ್ ವುಲ್ಫ್‌ಮನ್ ಬರೆದ, ಜಾರ್ಜ್ ಪೆರೆಜ್ ಚಿತ್ರ ಬರೆದ. 'ಕ್ರೈಸಿಸ್ ಆನ್ ಇನ್‌ಫೈನೈಟ್ ಅರ್ಥ್ಸ್', 12 ಸಂಚಿಕೆ. ಭೂಮಿಗಳೆಲ್ಲ ಒಂದೊಂದಾಗಿ ಅಳಿಸಿಹೋಗಿ ಕೊನೆಗೆ ಒಂದೇ ಉಳಿಯುತ್ತದೆ. 7ನೇ ಸಂಚಿಕೆಯಲ್ಲಿ ಸೂಪರ್‌ಗರ್ಲ್ ಸಾಯುತ್ತಾಳೆ. ಮುಖಪುಟದಲ್ಲಿ ಅವಳ ಹೆಣ ಎತ್ತಿಕೊಂಡು ಅಳುವ ಸೂಪರ್‌ಮ್ಯಾನ್. ಈಗಲೂ ನೋಡಿದರೆ ಗಂಟಲು ಕಟ್ಟುತ್ತೆ. 8ನೇ ಸಂಚಿಕೆಯಲ್ಲಿ ಬ್ಯಾರಿ ಆಲನ್ ಹೋದ.

ಅಷ್ಟಕ್ಕೇ ಬಿಟ್ಟಿದ್ದರೆ ಸರಿ. ಮುಂದಿನ ವರ್ಷ ಸೂಪರ್‌ಮ್ಯಾನ್ ಕಥೆಯನ್ನು ಮೊದಲಿಂದ ಬರೆದರು. ಕ್ರಿಪ್ಟಾನ್ ಗ್ರಹದಿಂದ ಉಳಿದವನು ಅವನೊಬ್ಬನೇ, ಇನ್ಯಾರೂ ಇಲ್ಲ ಅಂತ ನಿಯಮ ಹಾಕಿದರು. ಹಾಗಾದರೆ ಅವನ ಚಿಕ್ಕಪ್ಪನ ಮಗಳು ಕಾರಾ? ಅವಳು ಇರಲೇ ಇಲ್ಲ. ಸತ್ತವರಿಗೆ ತಿಥಿಯಾದರೂ ಮಾಡುತ್ತಾರೆ. ಇವಳು ಹುಟ್ಟೇ ಇಲ್ಲ, ಇನ್ನು ತಿಥಿ ಎಲ್ಲಿಂದ?

ಆದರೆ ಸೂಪರ್‌ಗರ್ಲ್ ಅನ್ನುವ ಹೆಸರು ವ್ಯಾಪಾರಕ್ಕೆ ಬೇಕಲ್ಲ. 1988ರಲ್ಲಿ ಮೇಟ್ರಿಕ್ಸ್ ಅಂತ ಒಂದು ಜೀವಿ ಬಂತು. ರೂಪ ಬದಲಿಸುವ ಅಂಟಿನ ಮುದ್ದೆ ಅಂತಿಟ್ಟುಕೊಳ್ಳಿ. ಅದೇ ಸೂಪರ್‌ಗರ್ಲ್. 1996ರಲ್ಲಿ ಆ ಮುದ್ದೆ ಲಿಂಡಾ ಡ್ಯಾನ್ವರ್ಸ್ ಅನ್ನುವ ಹುಡುಗಿಯ ಜೊತೆ ಬೆರೆತುಹೋಯ್ತು. 2004ರಲ್ಲಿ ನಿಯಮ ಸಡಿಲಿಸಿ ಕ್ರಿಪ್ಟಾನಿನ ಕಾರಾಳನ್ನೇ ಹೊಸದಾಗಿ ತಂದರು. 2011ರಲ್ಲಿ ಮತ್ತೆ ಎಲ್ಲ ಅಳಿಸಿ ಇನ್ನೊಬ್ಬ ಕಾರಾ. ಇದರ ಪಕ್ಕದಲ್ಲೇ ಪವರ್ ಗರ್ಲ್. ಅವಳು 1976ರಲ್ಲಿ ಬಂದ ಅರ್ಥ್-ಟು ಸೂಪರ್‌ಗರ್ಲ್. ಅವಳ ಭೂಮಿಯೇ ಅಳಿಸಿಹೋದ ಮೇಲೆ ಅವಳನ್ನು ಏನು ಮಾಡೋದು? ಅಟ್ಲಾಂಟಿಸ್‌ನ ಒಬ್ಬ ಮಂತ್ರವಾದಿಯ ಮೊಮ್ಮಗಳು ಅಂದರು. ಇಪ್ಪತ್ತು ವರ್ಷ ಆದಮೇಲೆ, ಅದು ಸುಳ್ಳು, ನೀನು ಅರ್ಥ್-ಟುವಿನವಳೇ ಅಂದರು. ಪಾಪ, ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರು ತಿದ್ದಿಸಲು ಓಡಾಡುವವರ ನೆನಪಾಗುತ್ತೆ.

ರೆಕ್ಕೆ ಕಟ್ಟಿಕೊಂಡು ಹಾರುವ ಹಾಕ್‌ಮ್ಯಾನ್‌ದು ಇದಕ್ಕಿಂತ ಕೆಟ್ಟ ಕಥೆ. 1940ರಲ್ಲಿ ಅವನು ಮರುಜನ್ಮ ಪಡೆದ ಈಜಿಪ್ಟ್ ರಾಜಕುಮಾರ. 1961ರಲ್ಲಿ ಥಾನಗರ್ ಅನ್ನುವ ಗ್ರಹದ ಪೊಲೀಸು. ಎರಡು ಭೂಮಿ, ಇಬ್ಬರು ಹಾಕ್‌ಮ್ಯಾನ್, ಜಗಳವಿಲ್ಲ. ಕ್ರೈಸಿಸ್ ಆದಮೇಲೆ ಇರುವುದು ಒಂದೇ ಭೂಮಿ. 1989ರಲ್ಲಿ ಟಿಮತಿ ಟ್ರೂಮನ್ ಥಾನಗರ್ ಪೊಲೀಸಿನ ಹುಟ್ಟುಕಥೆಯನ್ನು ಹೊಸದಾಗಿ ಹೇಳಿದ. ಬಲು ಚೆನ್ನಾಗಿದೆ. ಮರುವರ್ಷ ಅದರ ಮೇಲೆ ಮಾಸಿಕ ಬಂತು. ಅದರ ಪ್ರಕಾರ ಹಾಕ್‌ಮ್ಯಾನ್ ಭೂಮಿಗೆ ಬಂದದ್ದೇ ಈಗ. ಸರಿ, ಹಾಗಾದರೆ ಇಷ್ಟು ವರ್ಷ ಸೂಪರ್‌ಹೀರೋಗಳ ತಂಡವಾದ ಜಸ್ಟಿಸ್ ಲೀಗ್ ಮೀಟಿಂಗಿನಲ್ಲಿ ರೆಕ್ಕೆ ಕಟ್ಟಿಕೊಂಡು ಕೂತಿದ್ದವನು ಯಾರು? ಅದು ಹಳೇ ಈಜಿಪ್ಟಿನವನು ಅಂದರು. ಆಮೇಲೆ ಬಂದಿದ್ದವನು? ಅವನು ಥಾನಗರ್‌ನ ಗೂಢಚಾರ ಅಂದರು. ತೇಪೆಗೆ ತೇಪೆ. 1994ರಲ್ಲಿ ಎಲ್ಲರನ್ನೂ ಒಂದೇ ಮೈಯೊಳಗೆ ತುರುಕಿದರು. 1996ರಲ್ಲಿ ಅವನ ಪತ್ರಿಕೆ ನಿಂತಿತು. ಮತ್ತೆ ಶುರುವಾಗಲು 2002 ಬರಬೇಕಾಯ್ತು.

ಆ 1994ರದ್ದು 'ಝೀರೋ ಅವರ್' ಅನ್ನುವ ಇನ್ನೊಂದು ಕ್ಲೀನಿಂಗ್ ಕಾರ್ಯಕ್ರಮ. ಸಂಚಿಕೆಗಳ ನಂಬರೇ ಉಲ್ಟಾ, 4ರಿಂದ ಶುರುವಾಗಿ 0ಗೆ ಮುಗಿಯುತ್ತೆ. ಕೊನೇ ಸಂಚಿಕೆಯಲ್ಲಿ ಯಾವಾಗ ಏನಾಯ್ತು ಅಂತ ಚಾರ್ಟ್ ಬೇರೆ ಅಚ್ಚು ಹಾಕಿದರು. ಅಕ್ಕನ ಮಗನ ಎಕ್ಸೆಲ್ ಶೀಟಿನ ಅಜ್ಜ ಅದು. ಆ ಚಾರ್ಟಿಗೆ ಏನು ಗತಿಯಾಯ್ತೋ ಈ ಶೀಟಿಗೂ ಅದೇ ಗತಿ ಅಂತ ನನ್ನ ಅನುಮಾನ.

ಇಷ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. ಗೊಂದಲ ಇರುವುದು ಹಳೇ ಕಥೆಗಳಲ್ಲಿ ಅಲ್ಲ. ಅದನ್ನು ಸರಿಮಾಡುತ್ತೇವೆ ಅಂತ ಪೊರಕೆ ಹಿಡಿದು ಬಂದವರಲ್ಲಿ. ಪ್ರತಿ ಸಲ ಗುಡಿಸಿದಾಗಲೂ ಕಸ ಇನ್ನೊಂದು ಮೂಲೆಗೆ ಹೋಗುತ್ತೆ. 2011ರಲ್ಲಿ 52 ಪತ್ರಿಕೆಗಳನ್ನು ಒಟ್ಟಿಗೆ 1ನೇ ನಂಬರಿನಿಂದ ಶುರು ಮಾಡಿದರು. 1938ರಿಂದ 904 ಸಂಚಿಕೆ ಬಂದಿದ್ದ 'ಆಕ್ಷನ್ ಕಾಮಿಕ್ಸ್' ಕೂಡ 1. ಸೂಪರ್‌ಹೀರೋಗಳು ಹುಟ್ಟಿ ಬರೀ ಐದು ವರ್ಷ ಆಗಿದೆ ಅಂದರು. ಆದರೆ ಬ್ಯಾಟ್‌ಮ್ಯಾನ್ ಪುಸ್ತಕ ಚೆನ್ನಾಗಿ ಹೋಗುತ್ತಿತ್ತು, ನಂಬರ್ ಬದಲಿಸಿದರೂ ಅವನ ಹಳೇ ಕಥೆಯನ್ನು ಮುಟ್ಟಲಿಲ್ಲ. ರಾಬಿನ್ ಅಂದರೆ ಬ್ಯಾಟ್‌ಮ್ಯಾನ್ ಜೊತೆಗಿರುವ ಹುಡುಗ. ಲೆಕ್ಕ ಹಾಕಿ, ಐದು ವರ್ಷದಲ್ಲಿ ನಾಲ್ಕು ಜನ ರಾಬಿನ್. ಅದರಲ್ಲಿ ಒಬ್ಬ ಬ್ಯಾಟ್‌ಮ್ಯಾನ್‌ನ ಸ್ವಂತ ಮಗ, ವಯಸ್ಸು ಹತ್ತು. 2016ರಲ್ಲಿ 'ಆಕ್ಷನ್ ಕಾಮಿಕ್ಸ್' ಮತ್ತೆ 957 ಆಯ್ತು. ತಾತನನ್ನು ಮಗು ಮಾಡಿ, ಐದು ವರ್ಷ ಆಡಿಸಿ, ಮತ್ತೆ ತಾತ ಮಾಡಿದರು.

ಎದುರಾಳಿ ಕಂಪನಿ ಮಾರ್ವೆಲ್‌ನವರು ಕಡಿಮೆ ಅಂತ ಅಲ್ಲ. ಅವರು ಅಳಿಸುವುದಿಲ್ಲ, ಸುಮ್ನೆ ಜಾರಿಸುತ್ತಾರೆ. ಐರನ್ ಮ್ಯಾನ್ 1963ರಲ್ಲಿ ವಿಯೆಟ್ನಾಂನಲ್ಲಿ ಗಾಯಗೊಂಡ, ಆಮೇಲೆ ಅದೇ ಗಾಯ ಅಫ್ಘಾನಿಸ್ತಾನದಲ್ಲಿ ಆಯ್ತು. 1987ರಲ್ಲಿ ಮದುವೆಯಾದ ಸ್ಪೈಡರ್‌ಮ್ಯಾನ್, 2007ರಲ್ಲಿ ಒಂದು ಪಿಶಾಚಿಯ ಜೊತೆ ಒಪ್ಪಂದ ಮಾಡಿಕೊಂಡು ಆ ಮದುವೆಯೇ ನಡೆದಿಲ್ಲ ಅನ್ನಿಸಿಬಿಟ್ಟ. ಡೈವೋರ್ಸ್ ಕೊಡಿಸಿದ್ದರೆ ಮಕ್ಕಳ ಮೇಲೆ ಕೆಟ್ಟ ಪರಿಣಾಮ ಆಗುತ್ತೆ, ಪಿಶಾಚಿ ಆದರೆ ಪರವಾಗಿಲ್ಲ! ಇದರ ಬಗ್ಗೆ ಬರೆದರೆ ನನ್ನ ಬಿಪಿ ಏರುತ್ತೆ, ಬಿಡಿ.

ನಾನೂ ಒಂದು ಕಾಲದಲ್ಲಿ ಪಟ್ಟಿ ಇಟ್ಟುಕೊಂಡವನೇ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ 'ಇನ್‌ಫೈನೈಟ್ ಕ್ರೈಸಿಸ್' ಸಿಕ್ಕಿತು. 2005-06ರ ಕಥೆ. ಹೆಸರು ನೋಡಿ 1985ರದ್ದೇ ಅಂದುಕೊಂಡು ಕೊಂಡೆ. ಬಸ್ಸಿನಲ್ಲಿ ತೆರೆದರೆ ತಲೆಬುಡ ತಿಳಿಯಲಿಲ್ಲ. ಸೂಪರ್‌ಬಾಯ್-ಪ್ರೈಮ್ ಅನ್ನುವ ಹುಡುಗ ವಾಸ್ತವದ ಗೋಡೆಗೆ ಗುದ್ದುತ್ತಾನೆ. ಆ ಗುದ್ದಿನ ಅಲೆಗೆ ಸತ್ತಿದ್ದ ಜೇಸನ್ ಟಾಡ್ ಸಮಾಧಿಯಲ್ಲಿ ಕಣ್ಣುಬಿಡುತ್ತಾನೆ. ಈ ಜೇಸನ್ ಎರಡನೇ ರಾಬಿನ್. 1988ರಲ್ಲಿ ಓದುಗರೇ ಫೋನ್ ಮಾಡಿ, ಒಂದು ಕಾಲ್‌ಗೆ 50 ಸೆಂಟ್ ಕೊಟ್ಟು, ಸಾಯಬೇಕು ಅಂತ ವೋಟು ಹಾಕಿದ್ದರು. 5,343 ವೋಟು ಸಾಯಲಿ ಅಂತ, 5,271 ಬದುಕಲಿ ಅಂತ. 72 ವೋಟಿನಲ್ಲಿ ಸತ್ತವನು ಒಂದು ಗುದ್ದಿಗೆ ಎದ್ದು ಕೂತ. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಸ್ಟಾಪು ದಾಟಿ ಹೋಗಿದ್ದೆ.

ಆಮೇಲೆ ಎರಡು ವರ್ಷ ಕ್ರಮವಾಗಿ ಓದಬೇಕು ಅಂತ ಹಟ. ಅದು ಓದೋದಲ್ಲ, ಸಿಲಬಸ್ ಮುಗಿಸೋದು. ಚೆನ್ನಾಗಿಲ್ಲದ ಕಥೆಯನ್ನೂ ಮುಂದೆ ಬೇಕಾಗುತ್ತೆ ಅಂತ ಓದುತ್ತಿದ್ದೆ. ಬೇಕಾಗಲೇ ಇಲ್ಲ. ಯಾಕಂದರೆ ಅಷ್ಟರಲ್ಲಿ ಅದನ್ನೂ ಅಳಿಸಿದ್ದರು.

ನಮಗೆ ಇದೆಲ್ಲ ಹೊಸದೇನೂ ಅಲ್ಲ, ಅಲ್ವಾ? ಪಂಪನ ಭಾರತದಲ್ಲಿ ದ್ರೌಪದಿಗೆ ಅರ್ಜುನನೊಬ್ಬನೇ ಗಂಡ. ಕುಮಾರವ್ಯಾಸನಲ್ಲಿ ಐವರೂ ಇದ್ದಾರೆ. ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಯಾವುದು ಅಸಲಿ ಅಂತ ಯಾರೂ ಪಟ್ಟಿ ಮಾಡಿಕೊಂಡು ಕೂರಲಿಲ್ಲ. ಪಂಪನ ಭಾರತ ಓದುವಾಗ ಪಂಪನ ದ್ರೌಪದಿ, ಅಷ್ಟೇ. ಒಂದು ವ್ಯತ್ಯಾಸ ಇದೆ, ಒಪ್ಪುತ್ತೇನೆ. ಪಂಪ ಬರೆದು ಮುಗಿಸಿದ. ಇವರದ್ದು ಪ್ರತಿ ತಿಂಗಳೂ ಅಂಗಡಿಗೆ ಬರಬೇಕು. ಮುಗಿಸುವ ಹಾಗಿಲ್ಲ, ನಾಯಕನಿಗೆ ವಯಸ್ಸಾಗುವ ಹಾಗಿಲ್ಲ. ಮುದುಕನಾಗದವನ ಜಾತಕ ಬರೆಯಲು ಹೋದರೆ ಹೀಗೇ ಆಗುತ್ತೆ.

ಹಾಗಂತ ಹಿಂದಿನದು ಏನೂ ಬೇಡ ಅಂತ ಹುಡುಗನಿಗೆ ಹೇಳಲು ಹೊರಟೆ. ಬಾಯಿ ಬರಲಿಲ್ಲ. ಒಂದು ಕಥೆ ಅಡ್ಡ ಬಂತು.

1989ರ ಕ್ರಿಸ್ಮಸ್ ವಿಶೇಷ ಸಂಚಿಕೆ. ಅಲನ್ ಬ್ರೆನರ್ಟ್ ಬರೆದ ಪುಟ್ಟ ಕಥೆ. ಡೆಡ್‌ಮ್ಯಾನ್ ಒಂದು ಪ್ರೇತ. ಯಾರ ಕಣ್ಣಿಗೂ ಕಾಣುವುದಿಲ್ಲ. ಬೇರೆಯವರ ಮೈಯೊಳಗೆ ಹೊಕ್ಕು ಒಳ್ಳೇ ಕೆಲಸ ಮಾಡುತ್ತಾನೆ. ಹಬ್ಬದ ದಿನ ಅವನಿಗೆ ಬೇಜಾರು. ಇಷ್ಟೆಲ್ಲ ಮಾಡಿದರೂ ಒಂದು ಥ್ಯಾಂಕ್ಸ್ ಇಲ್ಲ, ನಾನಿದ್ದೇನೆ ಅಂತಲೂ ಯಾರಿಗೂ ಗೊತ್ತಿಲ್ಲ ಅಂತ ಗೊಣಗುತ್ತಾನೆ. ಆಗ ಒಬ್ಬಳು ಹೊಂಗೂದಲ ಹುಡುಗಿ ಅವನ ಜೊತೆ ಮಾತಿಗೆ ಬರುತ್ತಾಳೆ. ಅವಳಿಗೆ ಇವನು ಕಾಣುತ್ತಾನೆ. ಹೊಗಳಿಕೆಗಾಗಿ ಮಾಡೋದಲ್ಲ, ಮಾಡಬೇಕಾದದ್ದು ಅಂತ ಮಾಡೋದು ಅಂತ ನಯವಾಗಿ ಬೈಯುತ್ತಾಳೆ. ಹೊರಡುವಾಗ ನಿನ್ನ ಹೆಸರೇನು ಅಂತ ಕೇಳುತ್ತಾನೆ. ಕಾರಾ ಅನ್ನುತ್ತಾಳೆ. ನಿನಗೆ ಆ ಹೆಸರಿಂದ ಏನೂ ತಿಳಿಯಲಿಕ್ಕಿಲ್ಲ ಅಂತಲೂ ಸೇರಿಸುತ್ತಾಳೆ.

ಅಷ್ಟೇ ಕಥೆ. ಸೂಪರ್‌ಗರ್ಲ್ ಅನ್ನುವ ಪದ ಎಲ್ಲೂ ಬರುವುದಿಲ್ಲ. ಕೆಳಗೆ ಅವಳನ್ನು ಸೃಷ್ಟಿಸಿದ ಲೇಖಕ ಆಟೋ ಬೈಂಡರ್‌ಗೂ, ವರ್ಷಗಟ್ಟಲೆ ಅವಳ ಚಿತ್ರ ಬರೆದ ಜಿಮ್ ಮೂನಿಗೂ ಅರ್ಪಣೆ ಇದೆ.

ನಾನು ಇದನ್ನು ಮೊದಲು ಓದಿದ್ದು ಏನೂ ಗೊತ್ತಿಲ್ಲದೆ. ಯಾರೋ ದೇವತೆ ಇರಬೇಕು ಅಂದುಕೊಂಡು ಪುಟ ತಿರುಗಿಸಿದ್ದೆ. ಕ್ರೈಸಿಸ್ 7ನೇ ಸಂಚಿಕೆ ಓದಿದ್ದು ಆಮೇಲೆ, ಸುಮಾರು ಒಂದು ವರ್ಷ ಬಿಟ್ಟು. ಸೂಪರ್‌ಮ್ಯಾನ್ ಅವಳನ್ನು ಎತ್ತಿಕೊಂಡು ನಿಂತ ಪುಟಕ್ಕೆ ಬಂದೆ. ಆಗ ಹೊಳೆಯಿತು, ಅಯ್ಯೋ ಇವಳನ್ನು ನಾನು ಮುಂಚೆಯೇ ನೋಡಿದ್ದೇನೆ ಅಂತ. ರಾತ್ರಿ ಹನ್ನೆರಡಕ್ಕೆ ಎದ್ದು ಆ ಹಳೇ ಸಂಚಿಕೆ ಹುಡುಕಿದೆ. ಕ್ರಮವಾಗಿ ಓದಿದ್ದರೆ ಈ ಸುಖ ಸಿಗುತ್ತಿರಲಿಲ್ಲ. ಕಂಪನಿ ಅಳಿಸಿದ್ದನ್ನು ಒಬ್ಬ ಲೇಖಕ ಹೆಸರು ಹೇಳದೆ ಉಳಿಸಿಕೊಂಡ. ಹಿಂದುಮುಂದಾಗಿ ಓದಿದ ನನಗೆ ಅದು ಎರಡು ಸಲ ಸಿಕ್ಕಿತು.

ಈ ಕಥೆಯನ್ನು ಹುಡುಗನಿಗೂ ಹೇಳಿದೆ. ಆಮೇಲೆ ಅಂದೆ, ಪಾತ್ರ ಹಿಡಿದು ಹೋಗಬೇಡ, ಬರೆದವರನ್ನು ಹಿಡಿದು ಹೋಗು. ಟಾಮ್ ಕಿಂಗ್ ಬರೆದು ಬಿಲ್ಕಿಸ್ ಎವ್ಲಿ ಚಿತ್ರ ಬರೆದ 'ಸೂಪರ್‌ಗರ್ಲ್: ವುಮನ್ ಆಫ್ ಟುಮಾರೊ' ಕೊಟ್ಟೆ. 2021-22ರದ್ದು, 8 ಸಂಚಿಕೆ. ಅಪ್ಪನನ್ನು ಕೊಂದವನನ್ನು ಹುಡುಕುತ್ತಾ ಹೊರಟ ರೂಥಿ ಅನ್ನುವ ರೈತರ ಹುಡುಗಿ ಹೇಳುವ ಕಥೆ. ಕಾರಾ ಅವಳಿಗೆ ಸಿಗುವುದು ಒಂದು ಬಾರಿನಲ್ಲಿ. 21ನೇ ಹುಟ್ಟುಹಬ್ಬ. ಹಳದಿ ಸೂರ್ಯನ ಕೆಳಗೆ ಅವಳಿಗೆ ಎಷ್ಟು ಕುಡಿದರೂ ಏರುವುದಿಲ್ಲ, ಅದಕ್ಕೆ ಕೆಂಪು ಸೂರ್ಯನಿರುವ ಗ್ರಹಕ್ಕೇ ಹೋಗಿದ್ದಾಳೆ. (ಈ ಭಾಗ ಅಕ್ಕನಿಗೆ ಹೇಳಿಲ್ಲ. ಅಕ್ಕ, ನೀನು ಇದನ್ನು ಓದುತ್ತಿದ್ದರೆ, ಕಥೆ ತುಂಬಾ ಒಳ್ಳೇದು.) ಇವಳು ಎಷ್ಟನೇ ಕಾರಾ ಅಂತ ಗೊತ್ತಿಲ್ಲದೆ ಓದಬಹುದು. ಊರು, ಅಪ್ಪ, ಅಮ್ಮ ಎಲ್ಲ ಕಣ್ಣೆದುರೇ ಹೋದವಳು ಅನ್ನುವಷ್ಟು ಸಾಕು, ಅದನ್ನು ಪುಸ್ತಕವೇ ಹೇಳುತ್ತೆ.

ನಿನ್ನೆ ರಾತ್ರಿ ಹನ್ನೊಂದೂವರೆಗೆ ಫೋನು. ಎಂಟೂ ಮುಗಿಸಿದ್ದಾನೆ. ದನಿ ಒಂಥರಾ ಇತ್ತು, ಅತ್ತಿರಬೇಕು, ನಾನು ಕೇಳಲಿಲ್ಲ.

"ಮಾವ, ಆ ಕ್ರಿಸ್ಮಸ್ ಕಥೆ ನಿಮ್ಮ ಹತ್ರ ಇದೆಯಾ?"

"ಇದೆ. ಭಾನುವಾರ ತರ್ತೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಕೀಬೋರ್ಡ್ ಸದ್ದು ಕೇಳಿಸಿತು.

"ಮಾವ, ಅದನ್ನ ಶೀಟಲ್ಲಿ ಎಷ್ಟನೇ ಸಾಲಿಗೆ ಹಾಕ್ಲಿ?"