ಮಗುವಿನ ಥರ ಕಲೀರಿ, ಪ್ರೀಮಿಯಂ ತಗೊಳ್ಳಿ

"ಮಗು ಏನು ವ್ಯಾಕರಣದ ಪುಸ್ತಕ ಹಿಡ್ಕೊಂಡು ಹುಟ್ಟುತ್ತಾ? ಬರೀ ಕೇಳಿ ಕೇಳಿ ಮಾತು ಕಲಿಯಲ್ವಾ? ನೀವೂ ಹಾಗೇ ಕಲೀರಿ!" ಪರದೇಶದ ಭಾಷೆ ಕಲಿಸ್ತೀವಿ ಅನ್ನೋ ಯಾವ ಜಾಹೀರಾತು ನೋಡಿದ್ರೂ ಮೊದಲು ಬರೋದು ಈ ಮಗು. ತನ್ನ ಹೆಸರಲ್ಲಿ ಎಷ್ಟು ಸಬ್‌ಸ್ಕ್ರಿಪ್ಶನ್ ಮಾರಾಟ ಆಗ್ತಿದೆ ಅಂತ ಪಾಪ ಅದಕ್ಕೆ ಗೊತ್ತೇ ಇಲ್ಲ.

ಸರಿ, ಮಗುವಿನ ಥರಾನೇ ಕಲಿಯೋಣ, ನನ್ನ ತಕರಾರೇನೂ ಇಲ್ಲ, ಆದ್ರೆ ಪೂರ್ತಿ ಪ್ಯಾಕೇಜ್ ಕೊಡಿ ಸ್ವಾಮಿ. ಮಗುವಿಗೆ ಆಫೀಸ್ ಇಲ್ಲ, ಇಎಂಐ ಇಲ್ಲ, ಎದ್ದಾಗಿಂದ ಮಲಗೋ ತನಕ ಹಿಂದೆ ಮುಂದೆ ಜನ ಇರ್ತಾರೆ, ಅದು ಯಾವ ಕಡೆ ಕಣ್ಣು ಹಾಯಿಸಿದ್ರೂ ಅದನ್ನೇ ಬೊಟ್ಟು ಮಾಡಿ ತೋರಿಸಿ ರಾಗ ಎಳೆದು ಹೆಸರು ಹೇಳ್ತಾರೆ, ಒಂದೇ ಮಾತನ್ನ ಬೇಜಾರಿಲ್ಲದೆ ಇಪ್ಪತ್ತು ಸಲ ಹೇಳ್ತಾರೆ. ಹೆಚ್ಚುಕಮ್ಮಿ ಒಂದು ವರ್ಷ ಇಷ್ಟೆಲ್ಲ ಸೇವೆ ಮಾಡಿಸ್ಕೊಂಡು ಮಗು ಕೊನೆಗೆ "ಬಾ" ಅಂತ ಒಂದು ಅಕ್ಷರ ಉದುರಿಸುತ್ತೆ, ಮನೆ ಮಂದಿಯೆಲ್ಲ ಚಪ್ಪಾಳೆ ತಟ್ಟಿ ಮೊಬೈಲ್ ಹಿಡ್ಕೊಂಡು ಓಡಿ ಬರ್ತಾರೆ. ನೀವು ಒಂದು ವರ್ಷ ಜರ್ಮನ್ ಕೇಳಿಸ್ಕೊಂಡು ವೀಸಾ ಇಂಟರ್‌ವ್ಯೂನಲ್ಲಿ "ಬಾ" ಅಂದ್ರೆ ಆ ಅಧಿಕಾರಿ ಎದ್ದು ಬಂದು ಕೆನ್ನೆ ಹಿಂಡಿ ಸ್ಟಾಂಪ್ ಒತ್ತುತ್ತಾನಾ?

ಇನ್ನು ಈ "ಸಹಜ ವಿಧಾನ"ದ ಆಪ್ ಒಳಗೆ ಕಾಲಿಟ್ರೆ ಅಲ್ಲಿರೋದೆಲ್ಲ ಲೆವೆಲ್ಲು, ಬ್ಯಾಡ್ಜು, ಸ್ಟ್ರೀಕು, ಅಂದ್ರೆ ಒಂದು ದಿನಾನೂ ತಪ್ಪಿಸದೆ ಕಲಿತ ದಿನಗಳ ಲೆಕ್ಕ. ರಾತ್ರಿ ಹತ್ತಾದ್ರೆ ಫೋನ್ ಟಿಂಗ್ ಅನ್ನುತ್ತೆ, ಇನ್ನೆರಡು ಗಂಟೇಲಿ ನಿಮ್ಮ ಸ್ಟ್ರೀಕ್ ಹೋಗುತ್ತೆ ಅಂತ. ಯಾವ ತಾಯಿ ತೊಟ್ಟಿಲ ಪಕ್ಕ ನಿಂತು ಹೀಗೆ ಹೆದರಿಸ್ತಾಳೆ ಹೇಳಿ? ದುಡ್ಡು ಕಟ್ಟಿಲ್ಲ ಅಂತ ಲಾಲಿ ಹಾಡೋದು ನಿಲ್ಲಿಸಿ ಮಧ್ಯ ಜಾಹೀರಾತು ಹಾಕಿದ ತಾಯಿನ ನಾನಂತೂ ಕಂಡಿಲ್ಲ.

ಇದಕ್ಕೆಲ್ಲ ಶಾಸ್ತ್ರದ ಬೆಂಬಲ ಬೇಕಲ್ಲ, ಆಗ ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ ಅವರನ್ನ ಎಳ್ಕೊಂಡು ಬರ್ತಾರೆ. 1980ರ ದಶಕದ ಶುರುವಿನಿಂದ ಅವರು ಹೇಳ್ಕೊಂಡು ಬಂದಿದ್ದು ಇಷ್ಟೇ, ನಿಮಗೆ ಅರ್ಥ ಆಗೋ ಮಾತನ್ನ, ಈಗಿರೋ ಮಟ್ಟಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲಿರೋದನ್ನ, ಧಾರಾಳವಾಗಿ ಕೇಳ್ತಾ ಓದ್ತಾ ಹೋದ್ರೆ ಭಾಷೆ ತಾನಾಗೇ ಬರುತ್ತೆ ಅಂತ. ಇದನ್ನ ಒಪ್ಪದ ವಿದ್ವಾಂಸರೂ ಇದ್ದಾರೆ, ಆದ್ರೂ ತೂಕದ ಮಾತು. ನಮ್ಮ ಜಾಹೀರಾತಿನವರು ಏನು ಮಾಡಿದ್ರು ಅಂದ್ರೆ ಅರ್ಥ ಆಗಬೇಕು ಅನ್ನೋ ಷರತ್ತನ್ನ ದಾರಿಯಲ್ಲೇ ಇಳಿಸಿ, "ಕೇಳ್ತಾ ಇರಿ ಸಾಕು" ಅನ್ನೋ ಭಾಗವನ್ನ ಮಾತ್ರ ಮನೆಗೆ ತಂದ್ರು. ಹಾಗಾಗಿ ನಿನ್ನೆ ಕಲಿಯೋಕೆ ಶುರು ಮಾಡಿದವರು ಇವತ್ತು ಪಾತ್ರೆ ತೊಳೀತಾ ಕಿವಿಗೆ ಜಪಾನೀ ನ್ಯೂಸ್ ಸಿಕ್ಕಿಸ್ಕೊಂಡಿದ್ದಾರೆ. ಅಲ್ಲಿ ಯಾರೋ ಬಡ್ಡಿ ದರದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ, ಇಲ್ಲಿ ಇವರು ಭಾಷೆ ಒಳಗೆ ಇಳೀತಿದೆ ಅಂತ ತಲೆ ಆಡಿಸ್ತಾರೆ, ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ. ಪಾತ್ರೆ ಮಾತ್ರ ಚೆನ್ನಾಗಿ ತೊಳೆದಿರ್ತಾರೆ, ಅದು ಒಪ್ಪಬೇಕಾದ್ದೇ.

ಪಾತ್ರೆ ತೊಳೆಯೋ ಶ್ರಮಾನೂ ಬೇಡ ಅನ್ನೋರಿಗೆ ನಿದ್ದೆ ಕೋರ್ಸ್ ಇದೆ. ರಾತ್ರಿ ಮಲಗುವಾಗ ಎಂಟು ಗಂಟೆ ಉದ್ದದ ಆಡಿಯೋ ಹಾಕಿಬಿಡಿ, ಬೆಳಗ್ಗೆ ಎದ್ದಾಗ ಸ್ಪ್ಯಾನಿಶ್! ಇದನ್ನ 1956ರಲ್ಲೇ ಸೈಮನ್ ಮತ್ತು ಎಮ್ಮನ್ಸ್ ಅನ್ನೋ ಇಬ್ಬರು ಸಂಶೋಧಕರು ಪರೀಕ್ಷೆ ಮಾಡಿ ಮುಗಿಸಿದ್ರು. ಮಲಗಿದವರ ತಲೆಗೆ ವೈರ್ ಹಚ್ಚಿ, ಮಿದುಳಿನ ಅಲೆ ನೋಡಿ ಇವರು ನಿಜವಾಗ್ಲೂ ನಿದ್ದೆ ಮಾಡ್ತಿದ್ದಾರೆ ಅಂತ ಖಾತ್ರಿ ಮಾಡ್ಕೊಂಡು, ಪ್ರಶ್ನೆ ಉತ್ತರ ಕೇಳಿಸಿದ್ರು. ಬೆಳಗ್ಗೆ ಕೇಳಿದ್ರೆ, ಅರೆಬರೆ ಎಚ್ಚರ ಇದ್ದಾಗ ಕೇಳಿದ್ದು ಒಂದಿಷ್ಟು ನೆನಪಿತ್ತು, ಗಾಢ ನಿದ್ದೇಲಿ ಕೇಳಿದ್ದು ಸೊನ್ನೆ. ಅಂದ್ರೆ ಆ ಆಡಿಯೋದಿಂದ ಏನಾದ್ರೂ ಗಿಟ್ಟಬೇಕಾದ್ರೆ ನೀವು ರಾತ್ರಿಯಿಡೀ ಎಚ್ಚರ ಇರಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಇನ್ನೊಂದು ಪ್ರಯೋಗ. 2003ರಲ್ಲಿ ಮಕ್ಕಳ ಭಾಷಾ ಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತವರ ಜೊತೆಯವರು ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಮ್ಯಾಂಡರಿನ್ ಚೀನೀ ಭಾಷೆ ಕೇಳಿಸಿದ್ರು. ಕೆಲವಕ್ಕೆ ಎದುರಿಗೆ ಮನುಷ್ಯರೇ ಕೂತು ಆಟ ಆಡಿಸ್ತಾ, ಪುಸ್ತಕ ಓದ್ತಾ ಮಾತಾಡಿದ್ರು, ಕೆಲವಕ್ಕೆ ಅದೇ ಮಾತು ಡಿವಿಡಿಯಲ್ಲಿ, ಇನ್ನು ಕೆಲವಕ್ಕೆ ಬರೀ ಆಡಿಯೋ. ಹನ್ನೆರಡು ಸಲ, ಒಂದೊಂದು ಸಲ 25 ನಿಮಿಷ. ಮನುಷ್ಯರ ಜೊತೆ ಕೂತ ಕೂಸುಗಳು ಚೀನೀ ಧ್ವನಿಗಳ ವ್ಯತ್ಯಾಸ ಹಿಡಿದುಬಿಟ್ವು. ಡಿವಿಡಿ, ಆಡಿಯೋ ಗುಂಪಿನ ಕೂಸುಗಳು ಮಾತ್ರ ಆ ಭಾಷೆ ಕೇಳೇ ಇಲ್ಲದ ಕೂಸುಗಳ ಮಟ್ಟದಲ್ಲೇ ಉಳಿದ್ವು. ನೋಡಿ, ಸಾಕ್ಷಾತ್ ಕೂಸಿಗೇ ಸ್ಕ್ರೀನ್ ನೋಡಿ ಬರಲಿಲ್ಲ, ನಲವತ್ತು ದಾಟಿದ ನೀವು ಫೋನ್ ಹಿಡ್ಕೊಂಡು ಕೂಸಿನ ಥರ ಕಲಿಯೋಕೆ ಹೊರಟಿದ್ದೀರಿ.

ಇನ್ನೊಂದು ಪಂಗಡ ಕೊರಿಯನ್ ಸೀರಿಯಲ್‌ದು. ಮೊದಲೆಲ್ಲ ರಾತ್ರಿ ಮೂರರ ತನಕ ಸೀರಿಯಲ್ ನೋಡಿದ್ರೆ ಮನೇಲಿ ಬೈತಿದ್ರು, ಈಗ ಅದಕ್ಕೆ ಇಮ್ಮರ್ಶನ್, ಅಂದ್ರೆ ಭಾಷೇಲಿ ಮುಳುಗೋದು ಅಂತ ಹೆಸರು, ಬೈಯೋ ಹಾಗೂ ಇಲ್ಲ. ಮುಳುಗಿರೋದೇನೋ ಹೌದು, ಆದ್ರೆ ಕಣ್ಣು ಪೂರ್ತಿ ಕೆಳಗಿನ ಸಬ್‌ಟೈಟಲ್‌ನಲ್ಲಿ, ಕಿವಿ ಹಿನ್ನೆಲೆ ಸಂಗೀತದಲ್ಲಿ, ಕೈ ಮುಂದಿನ ಎಪಿಸೋಡ್ ಬಟನ್ ಮೇಲೆ. ಇಷ್ಟು ವರ್ಷದ ಸಾಧನೆ ಏನು ಅಂದ್ರೆ ಥ್ಯಾಂಕ್ಸ್, ಸಾರಿ, ಅಣ್ಣ, "ನನ್ನ ಬಿಟ್ಟು ಹೋಗಬೇಡ". ನಾಳೆ ಸಿಯೋಲ್ ಏರ್‌ಪೋರ್ಟಲ್ಲಿ ಲಗೇಜ್ ಬರ್ಲಿಲ್ಲ ಅಂದ್ರೆ ಕೌಂಟರ್ ಹತ್ರ ಹೋಗಿ ಏನಂತೀರಿ, ಅಣ್ಣಾ ನನ್ನ ಬಿಟ್ಟು ಹೋಗಬೇಡ ಅಂತಾನಾ?

ಇವರೆಲ್ಲರಿಗಿಂತ ಮೇಲಿರೋರು ಮೌನವ್ರತದವರು. ಸಾವಿರ ಗಂಟೆ ಕೇಳೋ ತನಕ ಬಾಯಿ ಬಿಡಲ್ಲ, ಬಿಟ್ರೆ ಉಚ್ಚಾರ ಕೆಟ್ಟುಹೋಗುತ್ತೆ ಅನ್ನೋರು. ಶುರುವಲ್ಲಿ ಸ್ವಲ್ಪ ದಿನ ಸುಮ್ಮನೆ ಕೇಳಿಸ್ಕೊಳ್ಳೋದ್ರಲ್ಲಿ ತಪ್ಪೇನಿಲ್ಲ ಬಿಡಿ. ಆದ್ರೆ ಕೆನಡಾದಲ್ಲಿ, ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಯ ಮಕ್ಕಳಿಗೆ ಪಾಠವೆಲ್ಲ ಫ್ರೆಂಚ್‌ನಲ್ಲೇ ಮಾಡೋ ಪದ್ಧತಿ ಶುರುವಾಯ್ತು, ಬೇರೆ ಕಡೆಗೂ ಹಬ್ಬಿತು. ಅಂಥ ಕ್ಲಾಸುಗಳಲ್ಲಿ ವರ್ಷಗಟ್ಟಲೆ ಕೂತ ಮಕ್ಕಳನ್ನ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ ನೋಡಿದಾಗ, ಕೇಳಿ ಅರ್ಥ ಮಾಡ್ಕೊಳ್ಳೋದ್ರಲ್ಲಿ ಅವರು ಫ್ರೆಂಚ್ ಮನೆಮಾತಿನ ಮಕ್ಕಳ ಹತ್ತಿರ ಹತ್ತಿರ ಬಂದಿದ್ರು, ಆದ್ರೆ ಮಾತಾಡೋಕೆ ಬರೆಯೋಕೆ ಬಂದಾಗ ವ್ಯಾಕರಣದಲ್ಲಿ ಹಿಂದೆ ಉಳಿದಿದ್ರು. ಬಾಯಿ ಬಿಟ್ಟು ಮಾತಾಡೋದಕ್ಕೂ ಕಲಿಕೇಲಿ ಪಾಲಿದೆ ಅಂತ 1985ರಲ್ಲಿ ಅವರು ಬರೆದ್ರು. ಮೌನವ್ರತದವರಿಗೆ ಇದನ್ನ ಹೇಳೋಣ ಅಂದ್ರೆ ಅವರು ಉತ್ತರ ಕೊಡಲ್ಲ, ವ್ರತ ಮುರಿಯುತ್ತೆ.

ಲೆಕ್ಕಕ್ಕೆ ಬಂದ್ರೆ, ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸೋ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಇದೆ, ಅಲ್ಲಿ ಸಂಬಳ ಕೊಟ್ಟು ಕೂರಿಸಿ, ಎದುರಿಗೆ ಮೇಷ್ಟ್ರನ್ನ ನಿಲ್ಲಿಸಿ ಕಲಿಸ್ತಾರೆ. ಇಂಗ್ಲಿಷ್ ಮನೆಮಾತಿನವರಿಗೆ ಜಪಾನೀ ಭಾಷೆ ಕೆಲಸಕ್ಕೆ ಆಗೋ ಮಟ್ಟಿಗೆ ಬರೋಕೆ ಸುಮಾರು 2200 ಗಂಟೆ ಕ್ಲಾಸ್ ಬೇಕು ಅಂತ ಅವರ ಅಂದಾಜು. ನೀವು ದಿನಕ್ಕೆ ಅರ್ಧ ಗಂಟೆ ಕೊಟ್ರೆ 4400 ದಿನ, ಪಾಂಡವರು ಕಾಡಿಂದ ಎದ್ದು ಅಜ್ಞಾತವಾಸಕ್ಕೆ ಹೊರಡೋ ಹೊತ್ತು. ಜಾಹೀರಾತಲ್ಲಿ ಇರೋದು ಮೂವತ್ತು ದಿನ.

ಅದಕ್ಕೆ ಪುರಾವೆ ಕೇಳಿದ್ರೆ ಒಂದು ವೀಡಿಯೋ ತೋರಿಸ್ತಾರೆ. ಬರೀ ಕೇಳಿ ಕಲಿತ ಹುಡುಗ ಪರದೇಶದ ಒಂದು ಅಂಗಡಿಗೆ ಹೋಗಿ ನೀರು ಕುಡಿದಷ್ಟು ಸಲೀಸಾಗಿ ತನ್ನ ಹೆಸರು ಹೇಳ್ತಾನೆ, ಊರು ಹೇಳ್ತಾನೆ, ನಿಮ್ಮ ಭಾಷೆ ಬಹಳ ಚಂದ ಅಂತಾನೆ, ಅಂಗಡಿಯವನಿಗೆ ಖುಷಿಯೋ ಖುಷಿ, ಕೌಂಟರ್ ಮೇಲೆ ಬಗ್ಗಿ ನಗ್ತಾ ಏನೋ ಒಂದು ಪ್ರಶ್ನೆ ಕೇಳ್ತಾನೆ, ಹುಡುಗನ ಹುಬ್ಬು ಒಂಚೂರು ಮೇಲೇರುತ್ತೆ, ಸರಿಯಾಗಿ ಅಲ್ಲಿಗೆ ವೀಡಿಯೋ ಕಟ್. ಮುಂದಿನ ಫ್ರೇಮಲ್ಲಿ ಕೋರ್ಸಿನ ಲಿಂಕು, ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ ಡಿಸ್ಕೌಂಟ್ ಅಂತೆ.